ಖಾಲಿ ನೀರು

ಸೆಪ್ಟೆಂಬರ್ ೯

ಅಮ್ಮಾ,

ನೀನು ಮಾತು ಬಿಟ್ಟಿದ್ದರೂ ಕಾಗದ ಓದುವುದನ್ನು ಬಿಟ್ಟಿರಲಾರೆ ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ಇಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ವಾರಕ್ಕೊಮ್ಮೆ ಸಾಮಾನು ತರುವ ಜೀಪೇ ಅಂಚೆ. ಅದರ ಡ್ರೈವರಿಗೆ ಎಲ್ಲರೂ ಹಾರ್ನಪ್ಪ ಎನ್ನುತ್ತಾರೆ. ಎದುರಿಗೆ ಒಂದು ನಾಯಿಯೂ ಬಾರದ ರಸ್ತೆಯಲ್ಲಿ ಪ್ರತಿ ತಿರುವಿಗೂ ಹಾರ್ನ್ ಹೊಡೆಯುತ್ತಾನೆ. "ಯಾರೂ ಇಲ್ವಲ್ಲ ಅಣ್ಣ" ಅಂದೆ. "ಇಲ್ಲ ಅಂತ ನಿಂಗೆ ಹೇಗೆ ಗೊತ್ತು?" ಅಂದ.

ಗಣಿ ಮುಚ್ಚಿದ ಮೇಲೆ ಇಲ್ಲಿ ಉಳಿದಿರುವವರು ಗೇಟು ಕಾಯುವ ತಾತ, ಪಂಪು ನೋಡಿಕೊಳ್ಳುವ ಪಂಪಣ್ಣ, ಈಗ ನಾನು. ಅಡುಗೆಯವನು ಬಿಟ್ಟು ಹೋದಮೇಲೆ ಕಂಪನಿ ಇನ್ನೊಬ್ಬನನ್ನು ಹುಡುಕುತ್ತಲೇ ಇದೆ. ಅಲ್ಲಿಯವರೆಗೆ ಸರದಿಯ ಮೇಲೆ ಬೇಯಿಸುತ್ತೇವೆ, ಒಬ್ಬರನ್ನೊಬ್ಬರು ನೋಡದೆ ತಿನ್ನುತ್ತೇವೆ.

ಕೆಲಸ ನಿನಗೆ ಗೊತ್ತಿರುವುದೇ, ಅಪ್ಪ ಮಾಡುತ್ತಿದ್ದದ್ದು. ಅದಿರು ತೆಗೆದ ಹೊಂಡ ನೀರು ತುಂಬಿ ಕೆರೆಯಷ್ಟಾಗಿದೆ. ನೋಡಲು ಎಷ್ಟು ಚಂದ ಎಂದರೆ, ಕುಡಿದರೆ ಸಾಯುತ್ತೇವೆ ಎಂದು ನಂಬುವುದೇ ಕಷ್ಟ. ಅದು ಉಕ್ಕಿ ಕೆಳಗಿನ ತೊರೆಗೆ ಇಳಿಯದಂತೆ ಪಂಪಣ್ಣ ನೋಡಿಕೊಳ್ಳಬೇಕು. ಇಳಿದಿಲ್ಲ ಎಂದು ನಾನು ತೋರಿಸಬೇಕು. ತೊರೆ, ಕೊಳವೆಬಾವಿಗಳು, ಹೊಂಡದ ಮೇಲ್ಭಾಗ, ಹೊಂಡದ ತಳ, ಎಲ್ಲ ಕಡೆಯ ನೀರನ್ನೂ ಬಾಟಲಿಗೆ ಹಿಡಿದು ಐಸಿನ ಪೆಟ್ಟಿಗೆಯಲ್ಲಿ ನಮ್ಮೂರಿನ ಲ್ಯಾಬಿಗೆ ಕಳಿಸಬೇಕು.

ಅಪ್ಪನ ಕೋಣೆಯನ್ನೇ ಕೊಟ್ಟಿದ್ದಾರೆ. ಬೇರೆಯದು ಕೇಳಬಹುದಿತ್ತು, ಕೇಳಲಿಲ್ಲ. ಗೋಡೆಯ ಗೂಟದಲ್ಲಿ ಅವರ ರೇನ್‌ಕೋಟು ಇನ್ನೂ ಇದೆ. ಬೇರೆಲ್ಲ ಒಣಗಿರುವ ಕೋಣೆಯಲ್ಲಿ ಅದೊಂದು ಮಾತ್ರ ಮುಟ್ಟಿದರೆ ತಣ್ಣಗೆ ಒದ್ದೆಯಾದಂತೆ ಇರುತ್ತದೆ. ಮಂಜಿನ ಜಾಗ, ರಬ್ಬರಿನ ಬಟ್ಟೆ, ಹಾಗೇ ಇರುತ್ತದೇನೋ.

ಸಂಬಳಕ್ಕಾಗಿ ಹೋಗುತ್ತಿದ್ದೇನೆ ಎಂದು ನಿನಗೆ ಹೇಳಿದ್ದೆ. ನೀನು ನಂಬಲಿಲ್ಲ. ನಂಬದಿದ್ದದ್ದೇ ಸರಿ.

ನಿನ್ನ,
ಪಿಟೀಲು


ಸೆಪ್ಟೆಂಬರ್ ೨೪

ಪಿಟೀಲು,

ಕಾಗದ ಬಂತು. ನಾನು ಮಾತು ಬಿಟ್ಟಿಲ್ಲ, ಆಡುವುದಕ್ಕೆ ಏನೂ ಇರಲಿಲ್ಲ ಅಷ್ಟೆ. ಹುಟ್ಟಿದಾಗಿನಿಂದ ಕುಂಯ್‌ಗುಟ್ಟಿ ಕುಂಯ್‌ಗುಟ್ಟಿ ಈ ಹೆಸರು ಸಂಪಾದಿಸಿದವಳು ನೀನು. ನಿನ್ನೆದುರು ಮಾತಾಡಿ ಗೆದ್ದವರು ಯಾರು?

ಎರಡು ವರ್ಷದ ಹಿಂದೆ ಆ ನೀರು ನಿನ್ನಪ್ಪನನ್ನು ತೆಗೆದುಕೊಂಡಿತು. ದೋಣಿ ಸಿಕ್ಕಿತು, ಹುಟ್ಟು ಸಿಕ್ಕಿತು, ಟೋಪಿ ಸಿಕ್ಕಿತು, ಅವರು ಸಿಗಲಿಲ್ಲ. ಮುಳುಗು ತಜ್ಞರು ಎಂದು ಇಬ್ಬರು ಬಂದು, ಅಷ್ಟು ಆಳಕ್ಕೆ ನಮ್ಮಿಂದ ಆಗುವುದಿಲ್ಲ ಎಂದು ಕೈ ತೊಳೆದುಕೊಂಡು ಹೋದರು. ನಾನು ಒಪ್ಪಿಕೊಂಡೆ. ಬಟ್ಟೆಗಳನ್ನು ಕೊಟ್ಟೆ, ಸೈಕಲ್ಲನ್ನು ಕೊಟ್ಟೆ, ಹೊಲಿಗೆ ಯಂತ್ರವನ್ನು ಅವರು ಕೂರುತ್ತಿದ್ದ ಕಿಟಕಿಯ ಬಳಿಗೆ ಎಳೆದು ಹಾಕಿಕೊಂಡೆ. ಈಗ ಮಗಳು ಅದೇ ದೋಣಿ ಹತ್ತಿದ್ದಾಳೆ. ಇದಕ್ಕೆ ನಾನು ಏನೆಂದು ಹೇಳಲಿ?

ಅವರು ಬರುವುದಿಲ್ಲ. ಕೋಟು ಕೋಟೇ, ಒದ್ದೆಯಾದರೆ ಬಿಸಿಲಿಗೆ ಹಾಕು.

ಲ್ಯಾಬಿನ ದೊಡ್ಡಕ್ಕ ಎಲ್ಲರಿಗೂ ಹೊಸ ಬಿಳಿ ಕೋಟು ಹೊಲಿಸಲು ಬಂದಿದ್ದಳು. "ನಿಮ್ಮ ಮಗಳು ಅಚ್ಚುಕಟ್ಟು, ಅಪ್ಪನ ಥರಾನೇ ಕೈ" ಅಂದಳು. ಅಳತೆ ತೆಗೆಯುತ್ತಿದ್ದೆ, ಟೇಪು ಸ್ವಲ್ಪ ಬಿಗಿಯಾಯಿತು. "ಉಸಿರಾಡಕ್ಕೆ ಜಾಗ ಬಿಡಿ ಮಾರಾಯ್ತಿ" ಅಂತ ನಕ್ಕಳು. ಲ್ಯಾಬಿನಲ್ಲಿ ಒಂದು ಜಾಗ ಖಾಲಿಯಾಗುತ್ತದಂತೆ. ಮನೆಯಿಂದ ನಡೆದು ಹೋಗುವಷ್ಟು ದೂರ. ನಾನು ಹೇಳಬೇಕಾದ್ದು ಹೇಳಿದೆ.

ಕಾಲುಚೀಲ ಹೆಣೆದು ಕಳಿಸುತ್ತಿದ್ದೇನೆ.

ಅಮ್ಮ


ಅಕ್ಟೋಬರ್ ೨೦

ಅಮ್ಮಾ,

ಕಾಲುಚೀಲ ತಲುಪಿತು. ಒಂದು ನನ್ನ ಕಾಲಿಗಿದೆ, ಇನ್ನೊಂದು ಗೇಟಿನ ತಾತನ ಕಾಲಿಗೆ ಸರಿಯಾಗುತ್ತದೆ. ಕಣ್ಣು ತೋರಿಸಿಕೋ.

ಮೊನ್ನೆ ಹೊಂಡದ ನಡುವಿನ ನೀರು ತೆಗೆದೆ. ಪಂಪಣ್ಣ ಹುಟ್ಟು ಹಾಕುತ್ತಾನೆ, ಆದರೆ ನೀರಿನ ಕಡೆ ನೋಡುವುದಿಲ್ಲ, ದಡವನ್ನೇ ನೋಡುತ್ತಾನೆ. ಅಪ್ಪ ಒಬ್ಬರೇ ದೋಣಿ ತೆಗೆದುಕೊಂಡು ಹೋದ ದಿನ ಇವನಿಗೆ ಜ್ವರವಂತೆ. ಅದನ್ನು ಇಲ್ಲಿಯವರೆಗೆ ಮೂರ್ನಾಲ್ಕು ಸಲ ಹೇಳಿದ್ದಾನೆ. "ಆಯ್ತು ಬಿಡಿ ಅಣ್ಣ" ಎಂದರೂ ಹೇಳುತ್ತಾನೆ.

ತಳದ ನೀರು ಹೇಗೆ ತೆಗೆಯುತ್ತೇವೆ ಗೊತ್ತಾ? ಎರಡೂ ಕಡೆ ಬಾಯಿ ತೆರೆದ ಕೊಳವೆಯನ್ನು ಹಗ್ಗಕ್ಕೆ ಕಟ್ಟಿ ಇಳಿಸುತ್ತೇವೆ. ತಳ ಮುಟ್ಟುವಷ್ಟಾದಾಗ ಹಗ್ಗಕ್ಕೆ ಪೋಣಿಸಿದ ಒಂದು ಹಿತ್ತಾಳೆಯ ಗುಂಡನ್ನು ಮೇಲಿನಿಂದ ಬಿಡುತ್ತೇವೆ. ಅದು ಜಾರುತ್ತ ಹೋಗಿ ಕೊಳವೆಗೆ ಬಡಿದಾಗ ಎರಡೂ ಬಾಯಿ ಮುಚ್ಚಿಕೊಳ್ಳುತ್ತವೆ. ಅಷ್ಟು ಆಳದ ಆ ಬಡಿತ ಹಗ್ಗದಲ್ಲಿ ಹತ್ತಿ ಬಂದು ಬೆರಳಿಗೆ ತಟ್ಟುತ್ತದೆ. ಗುಂಡಿಗೆ ದೂತ ಎಂದು ಹೆಸರಿಟ್ಟವರು ಅಪ್ಪನೇ ಅಂತೆ. ಪಂಪಣ್ಣನೂ ಹಾಗೇ ಕರೆಯುತ್ತಾನೆ. ದೂತ ಹೋದ, ತಟ್ಟಿದ, ಎಳಿ.

ಮೇಲಿನ ನೀರೂ ತಳದ ನೀರೂ ಬೆರೆಯುವುದಿಲ್ಲ. ಊಟದ ತಟ್ಟೆ ಮುಂದೆ ಅಪ್ಪ ಇದನ್ನು ಎಷ್ಟು ಸಲ ಹೇಳಿದ್ದರು, ನಾವಿಬ್ಬರೂ ಆಕಳಿಸುತ್ತಿದ್ದೆವಲ್ಲ. ತಳದ್ದು ಭಾರ, ತಣ್ಣಗೆ, ಉಪ್ಪು. ಅಲ್ಲಿಗೆ ಇಳಿದದ್ದು ಅಲ್ಲೇ ಇರುತ್ತದೆ, ಕೊಳೆಯುವುದೂ ಇಲ್ಲ, ಏಳುವುದೂ ಇಲ್ಲ. ಆದರೆ ಎಂದಾದರೂ ಒಂದು ದಿನ, ತಳದ ನೀರು ಸಾಕಷ್ಟು ಬೆಚ್ಚಗಾಗಿ ಮೇಲೆ ಗಾಳಿಯೂ ಜೋರಾಗಿ ಬೀಸಿದರೆ, ಇಡೀ ಹೊಂಡ ಮಗುಚಿಕೊಳ್ಳುತ್ತದೆ ಎಂದೂ ಅವರೇ ಹೇಳಿದ್ದರು. ತಳದ್ದೆಲ್ಲ ಮೇಲಕ್ಕೆ ಬರುತ್ತದೆ. ಪ್ರತಿ ಸಲ ನಾನು ಥರ್ಮಾಮೀಟರಿನಲ್ಲಿ ಮೊದಲು ನೋಡುವುದು ಅದನ್ನೇ.

ಇನ್ನೊಂದು ಬಾಟಲಿ ಇರುತ್ತದೆ. ಅದಕ್ಕೆ ನಾವು ಖಾಲಿ ಎನ್ನುತ್ತೇವೆ. ಖಾಲಿ ಏನಲ್ಲ, ಲ್ಯಾಬಿನವರೇ ತುಂಬಿ ಕಳಿಸಿದ ಶುದ್ಧ ನೀರು ಇರುತ್ತದೆ, ಅದರಲ್ಲಿ ಬೇರೇನೂ ಇರುವುದಿಲ್ಲ. ಕೆಲಸ ನಡೆಯುವಷ್ಟು ಹೊತ್ತು ಅದರ ಮುಚ್ಚಳ ತೆಗೆದು ಪಕ್ಕದಲ್ಲಿ ಇಟ್ಟುಕೊಂಡು, ಮುಗಿದ ಮೇಲೆ ಮುಚ್ಚಿ, ಉಳಿದವುಗಳ ಜೊತೆ ವಾಪಸ್ ಕಳಿಸಬೇಕು. ಲ್ಯಾಬಿನಲ್ಲಿ ಅದನ್ನೂ ಪರೀಕ್ಷೆ ಮಾಡುತ್ತಾರೆ. ಏನೂ ಸಿಗಬಾರದು. ಸಿಕ್ಕಿದರೆ ಅದು ಹೊಂಡದ್ದಲ್ಲ, ನಮ್ಮ ಕೈಯದು, ಅಥವಾ ಗಾಳಿಯದು. ಆಗ ಇಡೀ ಪೆಟ್ಟಿಗೆಯ ನೀರನ್ನು ನಂಬುವ ಹಾಗಿಲ್ಲ, ಎಲ್ಲವನ್ನೂ ಮತ್ತೆ ತೆಗೆಯಬೇಕು.

ಲ್ಯಾಬಿನ ಜಾಗ ಬೇರೆ ಯಾರಿಗಾದರೂ ಕೊಡಲಿ ಎಂದು ದೊಡ್ಡಕ್ಕನಿಗೆ ಹೇಳಿಬಿಡು.

ಪಿಟೀಲು


ನವೆಂಬರ್ ೧೧

ಅಮ್ಮಾ,

ನೀನು ಉತ್ತರ ಬರೆದಿಲ್ಲ, ಆದರೂ ಇದನ್ನು ನಿನಗಲ್ಲದೆ ಇನ್ನಾರಿಗೆ ಬರೆಯಲಿ?

ನಿನ್ನೆ ಮಂಜು ಇಳಿದಿತ್ತು. ದೋಣಿಯ ಮೂತಿ ಕಾಣುತ್ತಿತ್ತು, ಅದರಾಚೆ ಇಲ್ಲ. ದಡದಲ್ಲಿ ಪಂಪು ಓಡುತ್ತಿರುವ ಸದ್ದೂ ಕೇಳಿಸುತ್ತಿರಲಿಲ್ಲ, ಹೊಂಡದ ಗೋಡೆಗಳು ಸದ್ದನ್ನು ನುಂಗಿಬಿಡುತ್ತವೆ. ಕೊಳವೆ ಇಳಿಸಿ ದೂತನನ್ನು ಬಿಟ್ಟೆ. ಬೆರಳಿಗೆ ತಟ್ಟಿತು. ಎಳೆಯಬೇಕು ಎನ್ನುವಷ್ಟರಲ್ಲಿ ಇನ್ನೊಂದು ಸಲ ತಟ್ಟಿತು.

ಟಕ್, ಸ್ವಲ್ಪ ತಡೆದು, ಟಕ್.

ಬಾಗಿಲು ತೆರೆದೇ ಇದ್ದರೂ ಹಾಗೆ ತಟ್ಟಿ ಒಳಗೆ ಬರುತ್ತಿದ್ದವರು ಯಾರು ಎಂದು ನಿನಗೆ ನಾನು ಹೇಳಬೇಕಾಗಿಲ್ಲ. "ನಿಮ್ಮದೇ ಮನೆ, ತಟ್ಟೋದು ಯಾಕೆ?" ಎಂದು ನೀನು ಬೈದರೆ, "ಒಳಗೆ ರಾಣಿಯವರು ಏನು ಮಾಡ್ತಿದ್ದಾರೋ ಏನೋ" ಎನ್ನುತ್ತಿದ್ದರು.

ಪಂಪಣ್ಣನಿಗೆ ಹೇಳಲಿಲ್ಲ. ಅವನು ದಡ ನೋಡುತ್ತ ಕೂತಿದ್ದ, ಅಲ್ಲಿ ದಡವೇ ಕಾಣುತ್ತಿರಲಿಲ್ಲ.

ಪಿಟೀಲು


ನವೆಂಬರ್ ೨೬

ಮಗಳೇ,

ಗುಂಡು ಲೋಹ, ಕೊಳವೆ ಲೋಹ. ಬಡಿದದ್ದು ಸ್ವಲ್ಪ ಎಗರಿ ಮತ್ತೆ ಬಿದ್ದಿರುತ್ತದೆ. ಕತ್ತರಿ ಕೈ ಜಾರಿ ನೆಲಕ್ಕೆ ಬಿದ್ದರೂ ಎರಡು ಸಲ ಸದ್ದಾಗುತ್ತದೆ. ಇಷ್ಟು ಓದಿಸಿ ನಾನು ಹೇಳಿಕೊಡಬೇಕಾಯಿತಾ?

ನಿನ್ನ ಕಾಗದ ಓದಿದ ದಿನ ಒಂದು ಕೋಟಿನ ತೋಳನ್ನು ತಿರುವು ಮುರುವು ಜೋಡಿಸಿದೆ. ದೊಡ್ಡಕ್ಕ ಹಾಕಿಕೊಂಡು ನೋಡಿ, ಬೆನ್ನು ತುರಿಸಿಕೊಳ್ಳಲು ಅನುಕೂಲ ಅಂದಳು. ನಗಿಸಲು ನೋಡುತ್ತಾಳೆ, ಒಳ್ಳೆಯ ಹೆಂಗಸು. ಜಾಗವನ್ನು ಇನ್ನೂ ಯಾರಿಗೂ ಕೊಟ್ಟಿಲ್ಲ. ಜನವರಿ ಕಳೆಯುವವರೆಗೆ ಇಟ್ಟುಕೊಂಡಿರುತ್ತಾಳಂತೆ, ಅದರಾಚೆ ಅವಳ ಕೈಯಲ್ಲಿಲ್ಲ.

ನೀನು ಸತ್ತವರ ಜೊತೆ ಸಂಸಾರ ಹೂಡಿದ್ದೀಯ. ನೇರವಾಗಿ ಹೇಳುತ್ತಿದ್ದೇನೆ. ಒಬ್ಬರನ್ನು ಕಳೆದುಕೊಂಡಿದ್ದೇನೆ, ಇನ್ನೊಬ್ಬರನ್ನು ಆ ನೀರಿಗೆ ಕೊಡುವುದು ನನ್ನಿಂದ ಆಗುವುದಿಲ್ಲ. ಮನೆಗೆ ಬಾ.

ಅಮ್ಮ


ಡಿಸೆಂಬರ್ ೧೫

ಪಿಟೀಲು,

ನಿನ್ನ ಉತ್ತರಕ್ಕೆ ಕಾಯದೆ ಬರೆಯುತ್ತಿದ್ದೇನೆ. ದೊಡ್ಡಕ್ಕ ಬಂದಿದ್ದಳು, ಕೋಟಿಗೆ ಅಲ್ಲ. ಹೋದ ಸಲದ ನಿನ್ನ ಖಾಲಿಯಲ್ಲಿ ಉಪ್ಪು ಸಿಕ್ಕಿತಂತೆ. ನಿನ್ನ ಕೈಯಿಂದ ಇಂಥದ್ದು ಇದೇ ಮೊದಲು ಎಂದಳು. ಎಲ್ಲವನ್ನೂ ಮತ್ತೆ ತೆಗೆಯಲು ಹೇಳಿ ಕಳಿಸಿದ್ದಾಳಂತೆ, ನೀನು ತೆಗೆದೂ ಆಯಿತಂತೆ. ನನಗೆ ಮಾತ್ರ ಒಂದಕ್ಷರ ಬರೆದಿಲ್ಲ.

"ಕಾರಣ ಅಂತ ಏನಾದ್ರೂ ಬರೀಬೇಕಲ್ಲ, ಬೆವರು ಅಂತ ಬರೆದೆ" ಅಂದಳು.

ನಾನು ಹ್ಞೂಂ ಅಂದೆ. ಅವಳೂ ಚಹಾ ಕುಡಿದಳು, ನಾನೂ ಕುಡಿದೆ. ಹೋಗುವಾಗ ಚಪ್ಪಲಿ ಮೆಟ್ಟಿಕೊಳ್ಳುತ್ತ, "ಅಲ್ಲಿ ಈಗ ಎಷ್ಟು ಚಳಿ ಇರುತ್ತೆ?" ಎಂದು ಕೇಳಿದಳು. ಹಲ್ಲು ಕಟಕಟ ಅನ್ನುವಷ್ಟು ಎಂದೆ.

ತೆರೆದ ಬಾಟಲಿಯ ಮೇಲೆ ಬಗ್ಗಿ ಅತ್ತಿದ್ದೀಯ. ಅಷ್ಟೂ ಗೊತ್ತಾಗದ ಪೆದ್ದಿಯಲ್ಲ ನಾನು. ಹೆತ್ತವಳ ಹತ್ತಿರ ಅಳದೆ ಬಾಟಲಿಯ ಹತ್ತಿರ ಯಾಕೆ ಅಳುತ್ತೀಯ?

ಅಮ್ಮ


ಡಿಸೆಂಬರ್ ೩೦

ಅಮ್ಮಾ,

ಹೌದು, ಅತ್ತೆ. ಆ ಮಂಜಿನ ದಿನವೇ. ಎರಡನೇ ಸಲ ತಟ್ಟಿದ ಮೇಲೆ ಹಗ್ಗ ಎಳೆಯಲು ಕೈ ಬರಲಿಲ್ಲ. ಎಳೆದರೆ ಮುಖದ ಮೇಲೆ ಬಾಗಿಲು ಹಾಕಿದ ಹಾಗಲ್ಲವೇ ಎನಿಸಿತು. ಮಂಡಿಯ ಹತ್ತಿರ ಖಾಲಿ ತೆರೆದಿತ್ತು. ನೋಡಿಕೊಳ್ಳಲಿಲ್ಲ.

ಹೆತ್ತವಳ ಹತ್ತಿರ ಯಾಕೆ ಅಳುವುದಿಲ್ಲ ಎಂದು ಕೇಳಿದ್ದೀಯ, ಹೇಳುತ್ತೇನೆ. ನೀನು ಅಳಲಿಲ್ಲವಲ್ಲ ಅದಕ್ಕೆ. ಟೋಪಿ ತಂದುಕೊಟ್ಟಾಗ ನೀನು ಮಾಡಿದ್ದು ಅದನ್ನು ತೊಳೆದು ಒಣಹಾಕಿದ್ದು. ಆಮೇಲೆ ಅವರು ಮನೆಗೆ ಬರುತ್ತಿದ್ದ ದಿನಗಳಲ್ಲೂ ಮೂರು ಜನರ ಬದಲು ಇಬ್ಬರಿಗೇ ಅಕ್ಕಿ ಹಾಕಿದೆ, ಒಂದು ಹೊತ್ತೂ ತಪ್ಪದೆ. ತಿಂಗಳು ಕಳೆಯುವುದರೊಳಗೆ ಅವರ ಅಂಗಿಗಳು ಮನೆಯಲ್ಲಿರಲಿಲ್ಲ. ಅವರು ಇದ್ದರು ಎನ್ನುವುದನ್ನೇ ನೀನು ಬಿಚ್ಚಿ ಮಡಿಸಿ ಇಟ್ಟುಬಿಟ್ಟೆ. ನಿನ್ನ ಮನೆಯಲ್ಲಿ ಅತ್ತರೆ ಜಾಗ ಕೊಳೆಯಾಗುತ್ತದೇನೋ ಎನಿಸುತ್ತಿತ್ತು.

ಲ್ಯಾಬಿಗೆ ಬರುವುದಿಲ್ಲ. ತಳದ ನೀರು ಬೆಚ್ಚಗಾಗುತ್ತಿದೆ ಅಮ್ಮಾ. ಸ್ವಲ್ಪ ಸ್ವಲ್ಪವೇ, ಆದರೆ ಆಗುತ್ತಿದೆ. ಈ ವರ್ಷವೋ ಮುಂದಿನ ವರ್ಷವೋ ಹೊಂಡ ಮಗುಚುತ್ತದೆ. ಅವರು ಮೇಲೆ ಬಂದಾಗ ದಡದಲ್ಲಿ ಮನೆಯವರು ಒಬ್ಬರಾದರೂ ಇರಬೇಡವೇ? ನಾನು ಕಾಯದಿದ್ದರೆ ಇನ್ಯಾರು ಕಾಯುತ್ತಾರೆ? ನೀನಂತೂ ಅಲ್ಲ.

ಕೋಟನ್ನು ಬಿಸಿಲಿಗೆ ಹಾಕಿದ್ದೆ. ಹಾಗೇ ಇದೆ.

ಪಿಟೀಲು


ಜನವರಿ ೧೩

ಮಗಳೇ,

ಓದಿದೆ. ಉತ್ತರ ಬರೆಯಲು ಕೂತರೆ ಸೂಜಿ ಹಿಡಿದು ಹಿಡಿದು ರೂಢಿಯಾದ ಬೆರಳಿಗೆ ಪೆನ್ನು ನಿಲ್ಲುತ್ತಿಲ್ಲ.

ಹಾರ್ನಪ್ಪನ ಜೀಪಿನಲ್ಲಿ ಮುಂದಿನ ಸೀಟು ಹಾಳಾಗಿದೆಯೋ ಸರಿ ಇದೆಯೋ ಕೇಳಿ ತಿಳಿಸು. ನನಗೆ ಹಿಂದೆ ಕೂತರೆ ವಾಂತಿ.

ಅಮ್ಮ


ಫೆಬ್ರವರಿ ೪

ಪಿಟೀಲು,

ಈ ಕಾಗದ ಗಣಿಯಿಂದಲೇ ಬಂದದ್ದು, ನೀನು ಊರಿನಲ್ಲಿದ್ದೀಯ, ನಾನು ಇಲ್ಲಿದ್ದೇನೆ. ಇದನ್ನು ಓದುವಾಗ ಕಿರುಚಾಡಬೇಡ, ಪಕ್ಕದ ಮನೆಯಾಕೆಗೆ ಇಲ್ಲಸಲ್ಲದ ಖುಷಿ.

ನಾನು ಬಂದಿಳಿದ ದಿನ ನೀನು ಗೇಟಿನಲ್ಲಿ ನನ್ನನ್ನು ಹಿಡಿದುಕೊಂಡದ್ದು ಇನ್ನೂ ಭುಜದಲ್ಲಿದೆ. ಎಷ್ಟು ಇಳಿದುಹೋಗಿದ್ದೀಯ! ಒಂದು ವಾರ ಇಬ್ಬರೂ ಪಾತ್ರೆ, ಬಟ್ಟೆ, ಚಳಿ ಎಂದು ಬೇಕಾದ್ದೆಲ್ಲ ಮಾತಾಡಿದೆವು, ಬೇಕಾದ್ದೊಂದನ್ನು ಬಿಟ್ಟು. ನೀರಿನ ಪೆಟ್ಟಿಗೆ ಕಳಿಸುವ ದಿನ ನಾನೇ ಹೇಳಿದೆ, "ನೀನೇ ಜೊತೇಲಿ ಹೋಗಿ ದೊಡ್ಡಕ್ಕನ ಕೈಗೆ ಕೊಟ್ಟು ಬಾ, ಹಾಗೇ ಆ ಜಾಗ ಬೇಡ ಅಂತ ನಿನ್ನ ಬಾಯಲ್ಲೇ ಹೇಳು, ನಾನು ಹೇಳಿ ಹೇಳಿ ಮಾನ ಕಳ್ಕೊಂಡಿದ್ದೀನಿ" ಅಂತ. ನೀನು ನಂಬಿ ಹತ್ತಿದೆ. ದೊಡ್ಡಕ್ಕನಿಗೆ ನಾನು ಊರು ಬಿಡುವ ಮೊದಲೇ ಎಲ್ಲ ಹೇಳಿ ಬಂದಿದ್ದೆ. ನಿನ್ನ ಹೆಸರಿನ ಬಿಳಿ ಕೋಟು ಅಲ್ಲಿ ಮೊಳೆಗೆ ತೂಗುತ್ತಿದ್ದದ್ದನ್ನು ನೋಡಿರುತ್ತೀಯ. ನಿನ್ನ ಅಳತೆ ನನಗೆ ಬಾಯಿಪಾಠ. ಇಳಿದದ್ದು ಗೊತ್ತಿರಲಿಲ್ಲ, ಸಡಿಲವಾಗಿದ್ದರೆ ಪಕ್ಕದಲ್ಲಿ ಹಿಡಿದುಕೋ.

ನಿನ್ನ ಜಾಗಕ್ಕೆ ಹೊಸಬ ಬರುವವರೆಗೆ ಪಂಪಣ್ಣ ನೀರು ತೆಗೆಯುತ್ತಾನೆ. ನನ್ನನ್ನು ಕಂಪನಿ ಅಡುಗೆಗೆ ಇಟ್ಟುಕೊಂಡಿದೆ. ಅವರೂ ಹುಡುಕಿ ಸಾಕಾಗಿದ್ದರು, ಹಾರ್ನಪ್ಪ ಒಂದು ಮಾತು ಹಾಕಿದ, ಆಗಿಹೋಯಿತು. ಮೊದಲ ದಿನವೇ ನಿನ್ನ ಬಾಟಲಿಗಳು ಮಂಕಾಗಿವೆ ಎಂದು ಎಲ್ಲವನ್ನೂ ಸೋಪು ಹಾಕಿ ಫಳಫಳ ತೊಳೆದಿಟ್ಟೆ. ಪಂಪಣ್ಣ ತಲೆ ಮೇಲೆ ಕೈ ಹೊತ್ತು ಕೂತುಬಿಟ್ಟ. ಸೋಪು ತಗುಲಿದರೆ ಪರೀಕ್ಷೆಯೆಲ್ಲ ಹಾಳಂತೆ. ನನಗೇನು ಗೊತ್ತು, ಕೊಳೆ ತೊಳೆಯುವುದೂ ತಪ್ಪಾಗುವ ಜಾಗ ಇದೊಂದೇ.

ಈಗ ಬೇಕಾದ ಮಾತು. ಎರಡು ವರ್ಷ ನಾನು ಇಲ್ಲಿಗೆ ಬರಲಿಲ್ಲ. ನೀನು ಅದನ್ನು ಕಲ್ಲು ಮನಸ್ಸು ಎಂದುಕೊಂಡೆ. ಬಂದರೆ ವಾಪಸ್ ಹೋಗುವುದು ನನ್ನಿಂದ ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು, ಅದಕ್ಕೇ ಬರಲಿಲ್ಲ. ನೀನಿದ್ದೆ, ನಿನಗೆ ಬೇಯಿಸಿ ಹಾಕಬೇಕಿತ್ತು, ಓದಿಸಬೇಕಿತ್ತು. ಅಂಗಿಗಳನ್ನು ಕೊಟ್ಟದ್ದು ಅವು ಕಣ್ಣಿಗೆ ಬಿದ್ದಾಗಲೆಲ್ಲ ಜೀಪು ಹತ್ತಬೇಕು ಎನಿಸುತ್ತಿತ್ತು ಎಂದು.

ಕಾಯುವುದು ನನ್ನ ಪಾಲಿನ ಕೆಲಸ. ಅವರು ನನ್ನ ಗಂಡ. ನೀನು ನಡುವೆ ಬಂದು ನನ್ನ ಜಾಗದಲ್ಲಿ ಕೂತುಬಿಟ್ಟಿದ್ದೆ. ಏಳು ಮಗಳೇ. ಇದಕ್ಕೆ ಒಬ್ಬರು ಸಾಕು.

ಅಮ್ಮ


ಫೆಬ್ರವರಿ ೨೧

ಅಮ್ಮಾ,

ಕಿರುಚಾಡಿದೆ. ಪಕ್ಕದ ಮನೆಯಾಕೆ ಓಡಿ ಬಂದಳು.

ನೀನು ಮಾಡಿದ್ದು ಮೋಸ. ಮಗಳಿಗೆ ಬಲೆ ಹಾಕಿ ಹಿಡಿದು ಊರಿಗೆ ಅಟ್ಟುವ ತಾಯಿ ಎಲ್ಲಾದರೂ ಇದ್ದಾಳಾ? ಮಾರನೇ ವಾರವೇ ಜೀಪು ಹತ್ತಿ ಬಂದು ನಿನ್ನನ್ನು ಎಳೆದುಕೊಂಡು ಬರಬೇಕೆಂದಿದ್ದೆ. ಯಾಕೆ ಬರಲಿಲ್ಲ ಎಂದು ಹೇಳುತ್ತೇನೆ.

ಮೊದಲ ರಾತ್ರಿ ಮಲಗುವ ಮುಂಚೆ ಬಾಗಿಲಿನ ಚಿಲಕ ಹಾಕಲು ಹೋದೆ. ಅಲ್ಲಾಡಲಿಲ್ಲ. ದೀಪ ಹತ್ತಿರ ಹಿಡಿದು ನೋಡಿದೆ. ಅಪ್ಪ ಕೊನೆಯ ಸಲ ಗಣಿಗೆ ಹೊರಡುವ ಹಿಂದಿನ ದಿನ ಬಾಗಿಲಿಗೆ ನೀಲಿ ಬಣ್ಣ ಬಳಿದಿದ್ದರಲ್ಲ, ಚಿಲಕದ ಮೇಲೂ ಬಳಿದುಬಿಟ್ಟರು ಎಂದು ನೀನು ಬೈದಿದ್ದೆ. ಆ ಬಣ್ಣ ಇನ್ನೂ ಒಡೆದಿಲ್ಲ ಅಮ್ಮಾ. ಚಿಲಕವೂ ಹಲಗೆಯೂ ಒಂದೇ ಆಗಿ ಹಿಡಿದುಕೊಂಡಿವೆ. ನಾನು ಇದ್ದಾಗ ನೀನೇ ಕೊನೆಗೆ ಮಲಗುತ್ತಿದ್ದೆ, ಬಾಗಿಲು ಹಾಕಿದ್ದೀಯ ಎಂದೇ ತಿಳಿದಿದ್ದೆ. ಎರಡು ವರ್ಷ ಒಂದು ದಿನವೂ ಹಾಕಿಲ್ಲ.

"ನಿಮ್ಮಮ್ಮಂಗೆ ನಾನು ಎಷ್ಟು ಸಲ ಬೈದಿದ್ದೀನಿ ಗೊತ್ತಾ, ಒಂಟಿ ಹೆಂಗಸು, ಬಾಗಿಲು ಹಾಕ್ಕೊಂಡು ಮಲ್ಕೊಳ್ಳಿ ಅಂತ" ಎಂದಳು ಪಕ್ಕದ ಮನೆಯಾಕೆ. "ಏನಂದ್ರು?" ಅಂದೆ. "ಕದಿಯೋಕೆ ಏನಿದೆ ಅಂತ ನಗಾಡಿದ್ರು."

ನಾನು ಡಿಸೆಂಬರಿನಲ್ಲಿ ಬರೆದ ಕಾಗದವನ್ನು ಹರಿದು ಹಾಕು. ದಯವಿಟ್ಟು ಹರಿದು ಹಾಕು.

ಲ್ಯಾಬಿಗೆ ಹೋಗುತ್ತಿದ್ದೇನೆ. ಕೋಟು ಸಡಿಲವೇ, ಪಕ್ಕದಲ್ಲಿ ಹಿಡಿದುಕೊಂಡಿದ್ದೇನೆ. ಒಂದೇ ಒಂದು ಕೇಳುತ್ತೇನೆ, ದೋಣಿ ಹತ್ತಬೇಡ. ಮತ್ತೆ ಯಾವಾಗ ಬರುತ್ತೀಯ ಎಂದು ಬರೆ.

ಪಿಟೀಲು


ಮಾರ್ಚ್ ೧೮

ಪಿಟೀಲು,

ಕಾಗದ ಹರಿಯಲಿಲ್ಲ. ಅದರಲ್ಲಿ ಇದ್ದದ್ದು ಸುಳ್ಳೇನಲ್ಲ. ಟೋಪಿ ತೊಳೆದದ್ದು ನಿಜ.

ದೋಣಿ ಹತ್ತಿದೆ. ಮೊದಲೇ ಹೇಳಿಬಿಡುತ್ತೇನೆ, ಬೈದು ಮುಗಿಸು. ಪಂಪಣ್ಣನಿಗೆ ಹುಟ್ಟು ಹಿಡಿದು, ಹಗ್ಗ ಹಿಡಿದು, ಬಾಟಲಿಯನ್ನೂ ಹಿಡಿಯಲು ಮೂರನೇ ಕೈ ಇಲ್ಲ. ಹೋದವಾರ ಅವನ ಜೊತೆ ನಾನೂ ಹೋದೆ. ಅವನು ಎಂದಿನಂತೆ ದಡ ನೋಡುತ್ತಿದ್ದ. "ನಿಮಗೆ ಜ್ವರ ಬಂದಿದ್ದು ನಿಮ್ಮ ತಪ್ಪಲ್ಲ ಅಣ್ಣ, ಈ ಕಡೆ ನೋಡಿ" ಅಂದೆ. ನೋಡಿದ. ಆಮೇಲೆ ಇಡೀ ದಾರಿ ಅವನ ಕಣ್ಣು ನೀರಿನ ಮೇಲೇ ಇತ್ತು.

ಎಂಥ ಬಣ್ಣ ಮಗಳೇ ಅದು. ಅವರು ಬಂದಾಗಲೆಲ್ಲ ಹೇಳುತ್ತಿದ್ದರು, ನಾನು ಆಕಳಿಸುತ್ತಿದ್ದೆ. ನಿನ್ನಪ್ಪನ ಬಾಗಿಲಿನ ನೀಲಿ ಅದೇ. ಅಂಗಡಿಯಲ್ಲಿ ಅಷ್ಟು ಹೊತ್ತು ನಿಂತು ಆರಿಸಿದ್ದು ಯಾಕೆ ಎಂದು ಈಗ ತಿಳಿಯಿತು.

ಮುಚ್ಚಳ ತೆಗೆದು ಖಾಲಿಯನ್ನು ಪಕ್ಕದಲ್ಲಿ ಇಟ್ಟುಕೊಂಡೆ, ನೀನು ಬರೆದಿದ್ದ ಹಾಗೇ. ಕೊಳವೆ ಇಳಿಸಿದ. ಗುಂಡನ್ನು ನಾನು ಬಿಡುತ್ತೇನೆ ಎಂದು ಇಸಿದುಕೊಂಡೆ. ಬಿಟ್ಟೆ. ಅಷ್ಟು ಹೊತ್ತು ಹಿಡಿಯುತ್ತದೆ ಎಂದು ಯಾರೂ ಹೇಳಿರಲಿಲ್ಲ. ಬೆರಳಿಗೆ ತಟ್ಟಿತು. ಒಂದು ಸಲ.

"ಅಕ್ಕಾ, ಎಳೀಬಹುದು" ಅಂದ. "ತಡೀರಿ" ಅಂದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೇಳಿದ. ಮತ್ತೆ ತಡೀರಿ ಅಂದೆ. ಕೊನೆಗೆ ಬೆರಳು ಮರಗಟ್ಟಿ ಹಗ್ಗ ಇದೆಯೋ ಇಲ್ಲವೋ ತಿಳಿಯದಂತಾಯಿತು. ಅವನೇ ಮೆಲ್ಲಗೆ ನನ್ನ ಕೈ ಬಿಡಿಸಿ ಎಳೆದುಕೊಂಡ.

ಒಂದೇ ಸಲ ತಟ್ಟಿದ್ದು. ಹಾಗಾಗಿ ನಿನಗೆ ಅನ್ನಿಸಿದ್ದು ಬರೀ ಗುಂಡು ಎಗರಿದ್ದು, ನಾನು ಆಗಲೇ ಹೇಳಿರಲಿಲ್ಲವೇ? ನೀನು ಚಿಂತೆ ಮಾಡಬೇಡ. ನಾನು ಚೆನ್ನಾಗಿಯೇ ಇದ್ದೆ. ಗಾಳಿ ಇತ್ತು, ಅಷ್ಟೆ.

ಕೋಣೆ ಬೆಚ್ಚಗಿದೆ. ಅವರ ಕೋಟು ನನಗೆ ಸ್ವಲ್ಪ ಉದ್ದ, ಅಂಚು ಮಡಿಸಿ ಹೊಲಿದುಕೊಂಡೆ. ಹಾಕಿಕೊಂಡರೆ ಒದ್ದೆಯೇನೂ ಇಲ್ಲ.

ಯಾವಾಗ ಬರುತ್ತೀಯ ಎಂದು ಕೇಳಿದ್ದೀಯ. ಹೊಸಬ ಬರಲಿ, ಅವನಿಗೆ ಬೇಯಿಸಿಕೊಳ್ಳುವುದನ್ನು ಕಲಿಸಿ ಬರುತ್ತೇನೆ. ಹೊಂಡ ಮಗುಚುತ್ತದೋ ಬಿಡುತ್ತದೋ, ಬರುತ್ತೇನೆ.

ಅಮ್ಮ


ಏಪ್ರಿಲ್ ೩

ಅಮ್ಮಾ,

ನಿನ್ನ ಪೆಟ್ಟಿಗೆ ನನ್ನ ಮೇಜಿಗೇ ಬಂತು. ತೊರೆಯ ನೀರು ಶುದ್ಧವಾಗಿದೆ, ಬಾವಿಗಳದೂ ಸರಿ ಇದೆ. ಕೆಳಗಿನ ಊರಿನವರು ಧೈರ್ಯವಾಗಿ ಕುಡಿಯಬಹುದು ಎಂದು ಪಂಪಣ್ಣನಿಗೆ ಹೇಳು. ಪಂಪಣ್ಣ ಬರೆದು ಕಳಿಸಿದ ಲೆಕ್ಕದ ಪ್ರಕಾರ ತಳದ ನೀರು ಇನ್ನೂ ಕೊಂಚ ಬೆಚ್ಚಗಾಗಿದೆ. ಕೊನೆಗೆ ಖಾಲಿಯನ್ನು ತೆಗೆದುಕೊಂಡೆ.

ಉಪ್ಪು ಇತ್ತು.

ಮೊದಲು ನಾನೇ ಎಲ್ಲೋ ಕೈ ತಪ್ಪಿದೆ ಎಂದುಕೊಂಡು ಮತ್ತೊಮ್ಮೆ ಪರೀಕ್ಷೆ ಮಾಡಿದೆ. ಇತ್ತು. ನನ್ನ ಖಾಲಿಯಲ್ಲಿ ಸಿಕ್ಕಿದ್ದಕ್ಕಿಂತ ಎಷ್ಟೋ ಹೆಚ್ಚು. ಗಾಜನ್ನು ಬೆಳಕಿಗೆ ಹಿಡಿದು ನೋಡಿದೆ. ಏನೂ ಕಾಣುವುದಿಲ್ಲ, ಬರೀ ನೀರು. ನಿನ್ನ ಹೊಟ್ಟೆಯಿಂದ ಹುಟ್ಟಿ ಇಷ್ಟು ವರ್ಷವಾಯಿತು, ನೀನು ಅಳುವುದನ್ನು ನಾನು ನೋಡಿದ್ದು ಇಷ್ಟೇ. ಅದನ್ನು ಕೈಯಲ್ಲಿ ಹಿಡಿದುಕೊಂಡು ತುಂಬ ಹೊತ್ತು ನಿಂತಿದ್ದೆ.

ದೊಡ್ಡಕ್ಕ ಹಿಂದಿನಿಂದ ಬಂದಳು. "ಮತ್ತೆ ಉಪ್ಪಾ?" ಅಂದಳು. ಹೌದು ಅಂದೆ. "ಕಾರಣ ಬರಿ" ಅಂದು, ನನ್ನ ಮುಖ ನೋಡಿ, ಆಚೆ ಕೋಣೆಗೆ ಹೋಗಿಬಿಟ್ಟಳು.

ಬೆವರು ಎಂದು ಬರೆದೆ.

ತೊರೆ ಶುದ್ಧವೆಂದು ಬಂದದ್ದು ಇದರಿಂದ ಸುಳ್ಳಾಗುವುದಿಲ್ಲ, ಆದರೂ ಎಲ್ಲವನ್ನೂ ಮತ್ತೆ ತೆಗೆಯಬೇಕಾಗುತ್ತದೆ ಅಮ್ಮಾ, ನಿಯಮ ನಿನಗೂ ಒಂದೇ. ಹೊಸ ಖಾಲಿಯನ್ನು ಈ ಕಾಗದದ ಜೊತೆಗೇ ಹಾರ್ನಪ್ಪನ ಕೈಯಲ್ಲಿ ಕಳಿಸಿದ್ದೇನೆ. ಈ ಸಲ ಅದರ ಮುಚ್ಚಳವನ್ನು ಪಂಪಣ್ಣ ತೆಗೆಯಲಿ. ನೀನು ದೋಣಿಯ ಆಚೆ ತುದಿಯಲ್ಲಿ ಕೂತು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಹಗ್ಗ ಹಿಡಿದುಕೊಂಡಿರು. ಅವನಿಗೆ ಅವಸರ ಮಾಡಬೇಡ ಎಂದು ನಾನು ಬೇರೆ ಚೀಟಿ ಬರೆದಿದ್ದೇನೆ.

ಮನೆಯಲ್ಲಿ ಎಲ್ಲ ನೀನು ಇಟ್ಟ ಹಾಗೇ ಇದೆ. ಪಕ್ಕದ ಮನೆಯಾಕೆ ಬಡಗಿಯನ್ನು ಕರೆಸಿದ್ದಳು, ಚಿಲಕ ಬಿಡಿಸಿಕೊಡಲು. ಬೇಡ ಎಂದು ಚಹಾ ಕೊಟ್ಟು ಕಳಿಸಿದೆ. ಬಾಗಿಲು ಸುಮ್ಮನೆ ಮುಂದೆ ಮಾಡಿಕೊಂಡು ಮಲಗುತ್ತೇನೆ. ನಿಮ್ಮಿಬ್ಬರಲ್ಲಿ ಯಾರು ಮೊದಲು ಬಂದರೂ ಸರಿ.

ನಿನ್ನ,
ಪಿಟೀಲು